ವೆಲ್ಲೂರಿನ ಡಾಕ್ಟರಮ್ಮ ಐಡಾ ಸ್ಕಡರ್

ನಮ್ಮ ಕಡೆ ಯಾರಿಗಾದರೂ ಕಾಯಿಲೆ ಜೋರಾಗಿ, ಊರಿನ ಡಾಕ್ಟರು ಕೈಚೆಲ್ಲಿ ಕೂತಾಗ, ಒಂದ್ಸಲ ವೆಲ್ಲೂರಿಗೆ ಕರ್ಕೊಂಡು ಹೋಗಿ ನೋಡಿ ಅಂತ ಹೇಳೋರು ಒಬ್ಬರಾದರೂ ಸಿಗ್ತಾರೆ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದಾರಿ. ರೈಲಿನಲ್ಲಿ ಹೋದರೆ ಕಾಟ್ಪಾಡಿಯಲ್ಲಿ ಇಳಿಯಬೇಕು. ಅಲ್ಲಿ ಇಳಿಯುವ ಜನರಲ್ಲಿ ಅರ್ಧಕ್ಕರ್ಧ ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದವರೇ ಇರ್ತಾರೆ. ಕನ್ನಡ, ತೆಲುಗು, ಬಂಗಾಳಿ, ಹಿಂದಿ ಹೀಗೆ ಎಲ್ಲ ಭಾಷೆಯೂ ಕಿವಿಗೆ ಬೀಳುತ್ತೆ. ಅವರೆಲ್ಲ ಹೋಗೋದು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ, ಅಂದರೆ ಸಿಎಂಸಿಗೆ.

ಈ ದೊಡ್ಡ ಆಸ್ಪತ್ರೆಯ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದು ಒಂದು ಬಂಗಲೆಯ ಚಿಕ್ಕ ಕೋಣೆಯಲ್ಲಿ, ಒಬ್ಬಳು ಡಾಕ್ಟರ್ ಮತ್ತು ಒಂದೇ ಒಂದು ಹಾಸಿಗೆಯಿಂದ ಶುರುವಾಯಿತು ಅನ್ನೋದು ಗೊತ್ತಿರುವವರು ಕಡಿಮೆ. ಆ ಡಾಕ್ಟರ್ ಐಡಾ ಸೋಫಿಯಾ ಸ್ಕಡರ್. ಅವರ ಬದುಕಿನ ಕಥೆಯನ್ನು ಇಲ್ಲಿ ಹೇಳಲು ಕಾರಣ ಬರೀ ಆಸ್ಪತ್ರೆ ಕಟ್ಟಿದರು ಅನ್ನೋದಲ್ಲ. ಒಂದು ಸಮಸ್ಯೆಯ ನಿಜವಾದ ಬೇರು ಎಲ್ಲಿದೆ ಅಂತ ಹುಡುಕಿ, ಅಲ್ಲಿಗೇ ಕೈಹಾಕಿದವರು ಅವರು. ಅದು ನಮ್ಮಂಥ ಇಂಜಿನಿಯರಿಂಗ್ ಓದುವವರಿಗೂ ಹತ್ತಿರದ ವಿಷಯ ತಾನೇ?

ಮಿಷನರಿ ಮನೆತನದ ಹುಡುಗಿ

ಸ್ಕಡರ್ ಮನೆತನಕ್ಕೂ ನಮ್ಮ ದಕ್ಷಿಣ ಭಾರತಕ್ಕೂ ನಂಟು ಹಳೆಯದು. ಐಡಾ ಅವರ ತಾತ ಜಾನ್ ಸ್ಕಡರ್ ನ್ಯೂಯಾರ್ಕ್‌ನಲ್ಲಿ ಡಾಕ್ಟರಾಗಿದ್ದವರು. ಚೆನ್ನಾಗಿ ನಡೀತಿದ್ದ ಕೆಲಸ ಬಿಟ್ಟು 1819ರಲ್ಲಿ ಹಡಗು ಹತ್ತಿ ಸಿಲೋನಿಗೆ ಬಂದರು, ಆಮೇಲೆ ಮದ್ರಾಸ್ ಪ್ರಾಂತ್ಯಕ್ಕೆ. ಅಮೆರಿಕದಿಂದ ಹೊರದೇಶಕ್ಕೆ ಹೋದ ಮೊದಲ ವೈದ್ಯ ಮಿಷನರಿ ಅಂತ ಅವರನ್ನು ಗುರುತಿಸುತ್ತಾರೆ. ಅವರ ಗಂಡುಮಕ್ಕಳೂ ಅದೇ ದಾರಿ ಹಿಡಿದರು. ಅವರಲ್ಲಿ ಒಬ್ಬರು ಐಡಾ ಅವರ ತಂದೆ. ಅವರೂ ಡಾಕ್ಟರೇ, ಹೆಸರೂ ಜಾನ್ ಸ್ಕಡರ್.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿನ ಪಕ್ಕದ ರಾಣಿಪೇಟೆಯಲ್ಲಿ. ಅಣ್ಣಂದಿರ ಹಿಂದೆ ಹುಟ್ಟಿದ ಒಬ್ಬಳೇ ಮಗಳು. ಅವಳಿಗೆ ಆರೇಳು ವರ್ಷವಾದಾಗ ದಕ್ಷಿಣ ಭಾರತಕ್ಕೆ ಮಹಾಬರ ಬಂತು. 1876ರಿಂದ 78ರವರೆಗಿನ ಆ ಬರವನ್ನು ನಮ್ಮ ಮೈಸೂರು ಸೀಮೆಯವರು ಧಾತು ಈಶ್ವರ ಸಂವತ್ಸರಗಳ ಬರ ಅಂತ ತಲೆಮಾರುಗಟ್ಟಲೆ ನೆನೆಸಿಕೊಂಡರು. ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದನೇ ಒಂದು ಪಾಲು ಅಳಿಸಿಹೋದ ಬರ ಅದು. ಆರ್ಕಾಟ್ ಸೀಮೆಯಲ್ಲೂ ಅದೇ ಪಾಡು. ತಮ್ಮ ಕೈಯಿಂದ ತಾವೇ ತಿನ್ನಲೂ ತ್ರಾಣವಿಲ್ಲದ ಮಕ್ಕಳ ಬಾಯಿಗೆ ಪುಟ್ಟ ಐಡಾ ರೊಟ್ಟಿಯ ಚೂರು ಇಡ್ತಾ ಇದ್ದಳಂತೆ. ರಸ್ತೆಬದಿ ಸತ್ತುಬಿದ್ದ ಮಕ್ಕಳನ್ನು ಕಂಡ ನೆನಪು ಅವಳನ್ನು ಬಿಡಲೇ ಇಲ್ಲ.

ಆ ನೆನಪು ಅವಳನ್ನು ಸೇವೆಯ ಕಡೆಗೆ ತಳ್ಳಿತು ಅಂತ ನೀವು ಅಂದುಕೊಂಡರೆ, ಆಗಿದ್ದು ಪೂರಾ ಉಲ್ಟಾ. ಮನೆಯವರ ಜೊತೆ ಅಮೆರಿಕಕ್ಕೆ ಹೋದ ಐಡಾ ಅಲ್ಲೇ ಬೆಳೆದಳು. ತಂದೆ, ಆಮೇಲೆ ತಾಯಿ ಇಬ್ಬರೂ ಭಾರತಕ್ಕೆ ವಾಪಸ್ ಬಂದರು. ಅವಳು ನೆಂಟರ ಮನೆಯಲ್ಲಿ ಉಳಿದಳು. ಹೆತ್ತವರನ್ನು ತನ್ನಿಂದ ಕಿತ್ತುಕೊಂಡಿದ್ದೇ ಈ ಮಿಷನ್ ಕೆಲಸ ಅನ್ನೋ ಕೊರಗು ಬೇರೆ. ಮ್ಯಾಸಚೂಸೆಟ್ಸ್‌ನ ನಾರ್ತ್‌ಫೀಲ್ಡ್‌ನಲ್ಲಿ ಓದುವಾಗ ಅವಳು ಚುರುಕು, ತುಂಟಿ, ಗೆಳತಿಯರ ಗುಂಪಿನ ನಾಯಕಿ. ಮನೆತನದವರೆಲ್ಲ ಮಿಷನರಿಗಳಾದರೂ ತಾನು ಮಾತ್ರ ಆಗಲ್ಲ ಅನ್ನೋದು ಅವಳ ಹಟವಾಗಿತ್ತು. ಬಿಸಿಲು, ಧೂಳು, ಹಸಿವು, ಕಾಯಿಲೆ ತುಂಬಿದ ಆ ದೇಶ ಅವಳಿಗೆ ಬೇಡವಾಗಿತ್ತು.

1890ರಲ್ಲಿ ತಾಯಿಗೆ ಹುಷಾರಿಲ್ಲ ಅಂತ ಸುದ್ದಿ ಬಂತು. ನೋಡಿಕೊಳ್ಳಲು ಐಡಾ ತಿಂಡಿವನಕ್ಕೆ ಬಂದಳು. ಸ್ವಲ್ಪ ದಿನ ಇದ್ದು ವಾಪಸ್ ಹೋಗೋದು, ಅಷ್ಟೇ ಲೆಕ್ಕಾಚಾರ.

ಒಂದೇ ರಾತ್ರಿ, ಮೂರು ಸಾವು

ಆ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದ್ದು ತಿಂಡಿವನದ ಒಂದು ರಾತ್ರಿ. ಐಡಾ ಮನೆಯಲ್ಲಿ ದೀಪ ಇಟ್ಟುಕೊಂಡು ಕೂತಿದ್ದರು. ಒಬ್ಬ ಬ್ರಾಹ್ಮಣ ಯುವಕ ಬಾಗಿಲಿಗೆ ಬಂದ. ಮನೆಯಲ್ಲಿ ಹೆಂಡತಿಗೆ ಹೆರಿಗೆ ನೋವು. ಇನ್ನೂ ಎಳೆಯ ಹುಡುಗಿ, ಹದಿನಾಲ್ಕರ ಆಸುಪಾಸು. ಸೂಲಗಿತ್ತಿ ತನ್ನಿಂದ ಆಗಲ್ಲ ಅಂದಿದ್ದಾಳೆ. ನೀವು ಬಂದು ಉಳಿಸಬೇಕು ಅಂತ ಬೇಡಿಕೊಂಡ. ತಾನು ಡಾಕ್ಟರಲ್ಲ, ತಂದೆ ಡಾಕ್ಟರು, ಅವರನ್ನು ಕರೀತೀನಿ ಅಂತ ಐಡಾ ಹೇಳಿದರು. ಅವನು ಒಪ್ಪಲಿಲ್ಲ. ಪರಗಂಡಸು ತನ್ನ ಹೆಂಡತಿಯ ಮುಖ ನೋಡುವಂತಿಲ್ಲ. ಐಡಾ ಜೊತೆಗೇ ಇರುತ್ತೇನೆ ಅಂದರೂ ಇಲ್ಲ. ಅವಳು ಸಾಯೋದೇ ದೈವೇಚ್ಛೆಯಾದರೆ ಸಾಯಲಿ ಅನ್ನುವ ಅರ್ಥದಲ್ಲಿ ಏನೋ ಹೇಳಿ ಹೊರಟುಹೋದ.

ಸ್ವಲ್ಪ ಹೊತ್ತಿಗೆ ಮತ್ತೆ ಹೆಜ್ಜೆ ಸದ್ದು. ಈ ಸಲ ಒಬ್ಬ ಮುಸ್ಲಿಂ. ಅದೇ ಕಷ್ಟ, ಅದೇ ಬೇಡಿಕೆ. ಪಕ್ಕದಲ್ಲೇ ನಿಂತಿದ್ದ ತಂದೆಯೂ ಒಪ್ಪಿಸಲು ನೋಡಿದರು. ಅವನ ಉತ್ತರವೂ ಅದೇ. ಆಮೇಲೆ ಮೂರನೆಯವನು, ಮೇಲ್ಜಾತಿಯ ಇನ್ನೊಬ್ಬ ಹಿಂದೂ. ಅವನೂ ಹೆಂಗಸು ಬಂದರೆ ಮಾತ್ರ ಅಂದ, ಇಲ್ಲವೆಂದ ಮೇಲೆ ಕತ್ತಲಿಗೆ ಮರೆಯಾದ.

ಆ ರಾತ್ರಿ ಐಡಾಗೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಊರಿನಿಂದ ಸಾವಿನ ತಮಟೆ ಸದ್ದು ಕೇಳಿಬಂತು. ಮನೆಯ ಆಳನ್ನು ಕಳಿಸಿ ವಿಚಾರಿಸಿದರು. ಮೂರೂ ಹುಡುಗಿಯರು ತೀರಿಹೋಗಿದ್ದರು. ಐಡಾ ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಹೊರಗೆ ಬಂದವರು ತಾಯಿ-ತಂದೆಗೆ, ತಾನು ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ ಮತ್ತೆ ಇಲ್ಲಿಗೇ ಬರುತ್ತೇನೆ ಅಂತ ಹೇಳಿದರು.

ಈ ಘಟನೆಯನ್ನು ಸಾಮಾನ್ಯವಾಗಿ ದೈವದ ಕರೆ ಅಂತಲೇ ಹೇಳ್ತಾರೆ. ಐಡಾ ಸ್ವತಃ ನಂಬಿದ್ದೂ ಹಾಗೇ. ಆದರೆ ಇನ್ನೊಂದು ಸಂಗತಿಯನ್ನೂ ಗಮನಿಸಿ. ಆ ರಾತ್ರಿ ಆ ಊರಿನಲ್ಲಿ ಡಾಕ್ಟರ್ ಇರಲಿಲ್ಲವೇ? ಇದ್ದರು, ಅದೂ ಅದೇ ಮನೆಯಲ್ಲಿ. ಔಷಧ, ಉಪಕರಣ ಇರಲಿಲ್ಲವೇ? ಇದ್ದವು. ಬರಲು ಮನಸ್ಸಿತ್ತು, ದುಡ್ಡಿನ ಮಾತೂ ಬಂದಿರಲಿಲ್ಲ. ಆ ಗಂಡಂದಿರೂ ಕಟುಕರೇನಲ್ಲ; ಹೆಂಡತಿಯ ಮೇಲೆ ಅಕ್ಕರೆ ಇದ್ದದ್ದಕ್ಕೇ ಅಪರಾತ್ರಿಯಲ್ಲಿ ಪರದೇಶದವರ ಬಾಗಿಲು ತಟ್ಟಿದ್ದರು. ಆದರೂ ಮೂರು ಜೀವ ಹೋದವು. ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು ಅಂತಾರೆ ನಮ್ಮಲ್ಲಿ. ಆ ಮರುಹುಟ್ಟಿಗೆ ಅಡ್ಡ ನಿಂತದ್ದು ರೋಗವಲ್ಲ, ಗೋಡೆ. ಎಳೆವಯಸ್ಸಿನ ಮದುವೆ, ಗೋಷಾ ಪದ್ಧತಿ, ಹೆಣ್ಣಿಗೆ ಓದು ಬೇಡ ಅನ್ನುವ ನಂಬಿಕೆ ಎಲ್ಲ ಸೇರಿ ಕಟ್ಟಿದ ಗೋಡೆ. ಜಾತಿ ಧರ್ಮ ಬೇರೆ ಬೇರೆಯಾದರೂ ಮೂರು ಮನೆಯಲ್ಲೂ ಗೋಡೆ ಒಂದೇ ಆಗಿತ್ತು. ಬೆಂಗಳೂರಿನ ಶಿವಾಜಿನಗರದ ಘೋಷಾ ಆಸ್ಪತ್ರೆಯ ಹೆಸರಿನಲ್ಲಿ ಆ ಕಾಲ ಇವತ್ತಿಗೂ ಉಳಿದುಕೊಂಡಿದೆ.

ಅಂದರೆ ಅಲ್ಲಿ ಕಾಯಿಲೆ ಬಿದ್ದಿದ್ದು ಇಬ್ಬರು. ಒಳಗೆ ನರಳುತ್ತಿದ್ದ ಹುಡುಗಿ ಒಬ್ಬಳು, ಅವಳ ಸುತ್ತಲಿನ ಸಮಾಜ ಇನ್ನೊಂದು. ಒಂದಕ್ಕೆ ಮದ್ದು ಕೊಡದೆ ಇನ್ನೊಂದನ್ನು ಉಳಿಸೋಕೆ ಆಗ್ತಿರಲಿಲ್ಲ. ಐಡಾ ಸ್ಕಡರ್ ಅವರ ಮುಂದಿನ ಬದುಕನ್ನೆಲ್ಲ ಈ ಒಂದು ಮಾತಿನಿಂದ ಅರ್ಥಮಾಡಿಕೊಳ್ಳಬಹುದು.

ಒಂದು ಹಾಸಿಗೆಯ ಆಸ್ಪತ್ರೆ

1895ರಲ್ಲಿ ಐಡಾ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು. ಅಷ್ಟರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜು ಹೆಂಗಸರಿಗೂ ಬಾಗಿಲು ತೆರೆಯಿತು. ಕೊನೆಯ ವರ್ಷಕ್ಕೆ ಅಲ್ಲಿಗೆ ಹೋಗಿ 1899ರಲ್ಲಿ ಪದವಿ ಪಡೆದರು. ಅಲ್ಲಿ ಎಂ.ಡಿ. ಪಡೆದ ಮೊದಲ ಹೆಂಗಸರ ತಂಡದಲ್ಲಿ ಅವರೂ ಒಬ್ಬರು. ಹೆಣ್ಣು ಡಾಕ್ಟರಾಗುವುದು ಆಗ ಅಮೆರಿಕದಲ್ಲೂ ಸಲೀಸಾಗಿರಲಿಲ್ಲ ಅನ್ನೋದನ್ನ ಮರೆಯಬಾರದು. ಗೋಡೆ ಬರೀ ತಿಂಡಿವನದಲ್ಲಿ ಮಾತ್ರ ಇರಲಿಲ್ಲ.

ಭಾರತಕ್ಕೆ ಹೊರಡುವ ಮುಂಚೆ ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಲು ಹಣ ಕೂಡಿಸಬೇಕಿತ್ತು. ರಾಬರ್ಟ್ ಶೆಲ್ ಅನ್ನೋ ಬ್ಯಾಂಕ್ ಅಧ್ಯಕ್ಷರು ತೀರಿಹೋದ ತಮ್ಮ ಹೆಂಡತಿಯ ನೆನಪಿಗೆ 10,000 ಡಾಲರ್ ಕೊಟ್ಟರು. ಆ ಹಣ ಹಿಡಿದು, ಗೆಳತಿ ಆ್ಯನಿ ಹ್ಯಾನ್‌ಕಾಕ್ ಜೊತೆ ಐಡಾ ವೆಲ್ಲೂರಿಗೆ ಬಂದಿದ್ದು 1900ರ ಆರಂಭದಲ್ಲಿ. ತಂದೆಯ ಜೊತೆ ಕೆಲವು ವರ್ಷ ಕೆಲಸ ಮಾಡಿ ಕೈ ಪಳಗಿಸಿಕೊಳ್ಳೋಣ ಅನ್ನೋದು ಅವರ ಆಸೆ. ಆದರೆ ಬಂದ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು.

ಇನ್ನು ಅವರು ಒಬ್ಬರೇ. ಆಸ್ಪತ್ರೆ ಕಟ್ಟಡ ಇನ್ನೂ ಎದ್ದಿಲ್ಲ. ಮಿಷನ್ ಬಂಗಲೆಯ ಒಂದು ಪುಟ್ಟ ಕೋಣೆಯೇ ದವಾಖಾನೆ. ಮೊದಮೊದಲು ಜನ ಬರಲಿಲ್ಲ. ಪರದೇಶದ ಎಳೆಯ ಹೆಂಗಸು ಡಾಕ್ಟರ್ ಅಂದರೆ ಯಾರು ನಂಬ್ತಾರೆ? ಬಂದವರೂ ಎಲ್ಲ ಮದ್ದು, ಮಂತ್ರ ಮುಗಿದ ಮೇಲೆ, ಪ್ರಾಣ ಹೋಗುವ ಹೊತ್ತಿಗೆ ಬಂದವರು. ಅಂಥವರು ಉಳಿಯದಿದ್ದರೆ ಕೆಟ್ಟ ಹೆಸರು ಡಾಕ್ಟರಿಗೆ. ಒಬ್ಬಳು ಇಬ್ಬರು ಗುಣವಾಗಿ ಮನೆಗೆ ಹೋದ ಮೇಲೆ ಸುದ್ದಿ ಹಬ್ಬಿತು. ವರಾಂಡ ತುಂಬಿತು, ಮರದ ನೆರಳೂ ತುಂಬಿತು. ಎರಡು ವರ್ಷದಲ್ಲಿ ಸುಮಾರು 5,000 ರೋಗಿಗಳನ್ನು ನೋಡಿದ ಲೆಕ್ಕವಿದೆ. 1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆ ತೆರೆಯಿತು.

ಇಂಥ ಪ್ರಯತ್ನ ವೆಲ್ಲೂರಿನಲ್ಲಿ ಮಾತ್ರ ನಡೀತಿತ್ತು ಅಂತೇನಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಎಲ್ಲರೂ ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಶುರುವಾದದ್ದೂ ಹೆಂಗಸರು, ಮಕ್ಕಳಿಗಾಗಿಯೇ. ಐಡಾ ಬೇರೆಯಾಗಿ ಕಾಣೋದು ಆಸ್ಪತ್ರೆ ಕಟ್ಟಿದ್ದರಿಂದಲ್ಲ, ಆಸ್ಪತ್ರೆ ಕಟ್ಟಿದ ಮೇಲೂ ಸಮಾಧಾನವಾಗದೆ ಇದ್ದದ್ದರಿಂದ.

ರಸ್ತೆಬದಿಯ ದವಾಖಾನೆ

ಯಾಕೆ ಸಮಾಧಾನವಿಲ್ಲ? ಲೆಕ್ಕ ಸುಲಭ. ಆಸ್ಪತ್ರೆಗೆ ಬರುವವರು ವೆಲ್ಲೂರು ಪೇಟೆಯವರು. ಸುತ್ತ ನೂರಾರು ಹಳ್ಳಿ. ಅಲ್ಲಿನ ಕೂಲಿ ಹೆಂಗಸು ಒಂದು ದಿನದ ಕೂಲಿ ಬಿಟ್ಟು, ಮಗು ಎತ್ತಿಕೊಂಡು ಅಷ್ಟು ದೂರ ನಡೆದು ಬರೋಕೆ ಆಗುತ್ತಾ? ಅವಳು ಬರಲಾರಳು ಅಂದ ಮೇಲೆ ಆಸ್ಪತ್ರೆಯೇ ಹೋಗಬೇಕು.

ಹಾಗೆ ಶುರುವಾಯಿತು ರಸ್ತೆಬದಿಯ ದವಾಖಾನೆ. ಮೊದಲು ಎತ್ತಿನ ಗಾಡಿ. 1909ರ ಸುಮಾರಿಗೆ ಒಂದು ಚಿಕ್ಕ ಪ್ಯೂಜೋ ಕಾರು ಬಂತು, ಒಂದೇ ಸಿಲಿಂಡರಿನದು. ಎತ್ತಿಲ್ಲದೆ ಓಡುವ ಬಂಡಿ ಕಂಡು ಜನ ದೆವ್ವ ಅಂತ ಹೆದರಿ ಗದ್ದೆಗೆ ಓಡಿದರಂತೆ! ಆಮೇಲೆ ಅದರ ಸದ್ದಿಗೇ ಕಾಯುವಂತಾದರು. ವಾರಕ್ಕೊಮ್ಮೆ ಗುಡಿಯಾತ್ತಂ ದಾರಿಯಲ್ಲಿ ಹೊರಟರೆ ಗೊತ್ತಾದ ಮರಗಳ ಕೆಳಗೆ ನಿಲ್ಲಿಸೋದು. ಅಲ್ಲಿ ಆಗಲೇ ಸಾಲು ಕೂತಿರುತ್ತಿತ್ತು. ಹುಣ್ಣು ತೊಳೆದು ಪಟ್ಟಿ ಕಟ್ಟೋದು, ಹಲ್ಲು ಕೀಳೋದು, ಕಣ್ಣಿಗೆ ಮದ್ದು ಹಾಕೋದು, ಜ್ವರಕ್ಕೆ ಔಷಧ. ಆಪರೇಷನ್ ಬೇಕಾದವರನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡು ವಾಪಸ್.

ಆ ಸಾಲಿನಲ್ಲಿ ಕುಷ್ಠರೋಗಿಗಳೂ ಇರ್ತಿದ್ದರು. ಊರೊಳಗೆ ಕಾಲಿಡಲು ಬಿಡದ ಜನ ಅವರು. ರಸ್ತೆಬದಿಯ ಮರ ಯಾರ ಸ್ವತ್ತೂ ಅಲ್ಲ ನೋಡಿ. ಅಗ್ರಹಾರದವರ ಮನೆಯೂ ಅಲ್ಲ, ಕೇರಿಯೂ ಅಲ್ಲ. ಅಲ್ಲಿ ಎಲ್ಲರೂ ಒಂದೇ ಮರದ ನೆರಳಲ್ಲಿ ತಮ್ಮ ಸರದಿಗೆ ಕಾಯಬೇಕು. ಉಪನ್ಯಾಸ ಮಾಡದೆ ಕಲಿಸಿದ ಪಾಠ ಅದು.

ಇಲ್ಲಿ ಐಡಾ ಅವರ ನಂಬಿಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಅವರು ಮಿಷನರಿ, ಅದನ್ನು ಯಾವತ್ತೂ ಮುಚ್ಚಿಡಲಿಲ್ಲ. ಯೇಸುವಿನ ಸುದ್ದಿಯನ್ನು ಜನರಿಗೆ ತಿಳಿಸಬೇಕು ಅನ್ನೋದು ಅವರ ಆಸೆಯೇ ಆಗಿತ್ತು. ಜೊತೆಗೆ ಬಂದ ಆ್ಯನಿ ಹ್ಯಾನ್‌ಕಾಕ್ ಮನೆಮನೆಗೆ ಹೋಗಿ ಹೆಂಗಸರ ಜೊತೆ ಮಾತಾಡುತ್ತಿದ್ದದ್ದೂ ಅದೇ ಕೆಲಸಕ್ಕೆ. ಈ ಬಗ್ಗೆ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಭಿಪ್ರಾಯ ಇರಬಹುದು, ಇರಲಿ. ಆದರೆ ಅವರ ಆಸ್ಪತ್ರೆಯ ಬಾಗಿಲಲ್ಲಿ ಧರ್ಮ ಕೇಳಿ ಒಳಗೆ ಬಿಡುವ ಪದ್ಧತಿ ಇರಲಿಲ್ಲ. ತನ್ನ ನಂಬಿಕೆಯನ್ನು ಕೆಲಸದಿಂದ ಬೇರೆ ಮಾಡಿ ನೋಡಲು ಐಡಾಗೆ ಬರುತ್ತಿರಲಿಲ್ಲ, ಅಷ್ಟೇ.

ಸುವಾರ್ತೆಗಳಲ್ಲಿ ಯೇಸು ರೋಗ ವಾಸಿಮಾಡುವ ಕಥೆಗಳನ್ನು ಓದಿದರೆ ಒಂದು ವಿಷಯ ಕಾಣುತ್ತೆ. ಯಾರೂ ಮುಟ್ಟದ ಕುಷ್ಠರೋಗಿಯನ್ನು ಯೇಸು ಮೊದಲು ಕೈಯಿಂದ ಮುಟ್ಟುತ್ತಾನೆ. ವಾಸಿಯಾದ ಮೇಲೆ ಹೋಗಿ ಪುರೋಹಿತನಿಗೆ ತೋರಿಸಿಕೋ ಅಂತ ಕಳಿಸುತ್ತಾನೆ. ಯಾಕೆಂದರೆ ಅವನು ಶುದ್ಧನಾದ ಅಂತ ಪುರೋಹಿತ ಹೇಳಿದರೆ ಮಾತ್ರ ಊರು ಅವನನ್ನು ಒಳಗೆ ಸೇರಿಸಿಕೊಳ್ಳೋದು. ಚರ್ಮ ವಾಸಿಯಾದರೆ ಅರ್ಧ ಗುಣ. ಊರು ವಾಪಸ್ ಕರೆದುಕೊಂಡರೆ ಪೂರ್ತಿ ಗುಣ. ಐಡಾ ಅವರ ಆಸ್ಪತ್ರೆ ಬೆಳೆದ ರೀತಿ ನೋಡಿದರೆ ಈ ಅರ್ಥ ಅದರಲ್ಲಿ ಎದ್ದು ಕಾಣುತ್ತೆ.

ಹೆಣ್ಣುಮಕ್ಕಳ ಮೆಡಿಕಲ್ ಶಾಲೆ

ರೋಗಿಗಳು ಹೆಚ್ಚಿದಷ್ಟೂ ಒಂದು ಸತ್ಯ ಐಡಾಗೆ ಖಚಿತವಾಯಿತು. ತಾನು ಎಷ್ಟೇ ಓಡಾಡಿದರೂ ತನಗಿರೋದು ಎರಡೇ ಕೈ. ಅಮೆರಿಕದಿಂದ ಇನ್ನೂ ಹತ್ತು ಡಾಕ್ಟರಮ್ಮಂದಿರು ಬಂದರೂ ಸಮುದ್ರಕ್ಕೆ ಸೇರು ನೀರು. ಭಾರತದ ಹೆಂಗಸರನ್ನು ಉಳಿಸಬೇಕಾದರೆ ಭಾರತದ ಹೆಂಗಸರೇ ನರ್ಸ್ ಆಗಬೇಕು, ಡಾಕ್ಟರ್ ಆಗಬೇಕು.

1909ರಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಇದು ಕೇಳೋಕೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಆ ಕಾಲದಲ್ಲಿ ಪರರ ರಕ್ತ, ಕೀವು, ಮಲಮೂತ್ರ ಮುಟ್ಟುವ ಕೆಲಸ ಅಂದರೆ ಮೈಲಿಗೆ. ಮರ್ಯಾದಸ್ತರ ಮನೆಯ ಹುಡುಗಿ ಅದನ್ನು ಮಾಡೋದೇ? ಮೊದಲು ಸೇರಿದವರಲ್ಲಿ ಹೆಚ್ಚಿನವರು ಕ್ರೈಸ್ತ ಕುಟುಂಬದ ಹುಡುಗಿಯರು. ಮೈಲಿಗೆ ಅನ್ನಿಸಿಕೊಂಡ ಕೆಲಸ ನಿಧಾನವಾಗಿ ಸಂಬಳದ, ಗೌರವದ ಕೆಲಸವಾಯಿತು. ಇವತ್ತು ದಕ್ಷಿಣ ಭಾರತದ ನರ್ಸ್‌ಗಳಿಲ್ಲದ ಆಸ್ಪತ್ರೆಯನ್ನು ಊಹಿಸೋಕೆ ಆಗುತ್ತಾ?

ಆಮೇಲೆ ದೊಡ್ಡ ಹೆಜ್ಜೆ. ಹೆಣ್ಣುಮಕ್ಕಳಿಗಾಗಿಯೇ ಮೆಡಿಕಲ್ ಶಾಲೆ ತೆರೆಯುತ್ತೇನೆ ಅಂತ ಐಡಾ ಮದ್ರಾಸ್ ಸರ್ಕಾರದ ಅಧಿಕಾರಿಗಳ ಹತ್ತಿರ ಹೋದಾಗ ಅವರಿಗೆ ನಂಬಿಕೆ ಬರಲಿಲ್ಲ. ನಾಲ್ಕಾರು ಹುಡುಗಿಯರಾದರೂ ಅರ್ಜಿ ಹಾಕ್ತಾರಾ ಅನ್ನೋದೇ ಅವರ ಅನುಮಾನ. ಬಂದ ಅರ್ಜಿಗಳು 151! ಜಾಗ ಇದ್ದದ್ದು ಇಪ್ಪತ್ತರೊಳಗೆ. 1918ರಲ್ಲಿ, ಮೊದಲನೇ ಮಹಾಯುದ್ಧ ಇನ್ನೂ ಮುಗಿಯದ ಹೊತ್ತಿನಲ್ಲಿ ಶಾಲೆ ಆರಂಭವಾಯಿತು. ಸ್ವಂತ ಕಟ್ಟಡವಿಲ್ಲ. ಕೆಲವೇ ಪುಸ್ತಕ, ಒಂದು ಮೈಕ್ರೋಸ್ಕೋಪ್, ಒಂದಷ್ಟು ಮೂಳೆ. ಅಂಗರಚನಾಶಾಸ್ತ್ರವನ್ನು ಐಡಾ ಅವರೇ ಪಾಠ ಮಾಡಿದರು. ಹಗಲು ಆಪರೇಷನ್, ರಾತ್ರಿ ಪಾಠದ ತಯಾರಿ. ಲ್ಯಾಬ್ ಇಲ್ಲ, ಲೈಬ್ರರಿ ಇಲ್ಲ ಅಂತ ಗೊಣಗೋ ನಾವು ಇದನ್ನ ಸ್ವಲ್ಪ ನೆನೆಸಿಕೊಳ್ಳಬೇಕು.

ಆ ಶಾಲೆ ಕೊಡ್ತಿದ್ದದ್ದು ಎಲ್.ಎಂ.ಪಿ. ಅನ್ನೋ ಡಿಪ್ಲೊಮಾ. ಸರ್ಕಾರಿ ಪರೀಕ್ಷೆಯನ್ನು ಪ್ರಾಂತ್ಯದ ಗಂಡು ವಿದ್ಯಾರ್ಥಿಗಳ ಜೊತೆಗೇ ಬರೆಯಬೇಕು. ಮೊದಲ ಪರೀಕ್ಷೆಯಲ್ಲಿ ಹುಡುಗರಲ್ಲಿ ಹೆಚ್ಚಿನವರು ಫೇಲಾದರು. ವೆಲ್ಲೂರಿನ ಹದಿನಾಲ್ಕು ಹುಡುಗಿಯರೂ ಪಾಸು! 1922ರಲ್ಲಿ ಆ ಹದಿನಾಲ್ಕೂ ಜನ ಡಾಕ್ಟರಾಗಿ ಹೊರಬಂದರು. ಮೂವತ್ತು ವರ್ಷದ ಹಿಂದೆ ತಿಂಡಿವನದಲ್ಲಿ ಹೆರಿಗೆಯಲ್ಲಿ ಸತ್ತವರೂ ಇಂಥ ಹುಡುಗಿಯರೇ ಅಲ್ವಾ? ಅವರು ಬದುಕಿದ್ದರೆ ಮಕ್ಕಳಿಗೆ ಇದೇ ವಯಸ್ಸಾಗಿರುತ್ತಿತ್ತು.

ಕಟ್ಟಿದ್ದನ್ನೇ ಮುರಿಯುವ ಕಷ್ಟ

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ಒಂದು ಸಾಧನೆಯ ಕಥೆ ಆಗ್ತಿತ್ತು. ಆದರೆ ಐಡಾ ಅವರ ನಿಜವಾದ ಪರೀಕ್ಷೆ ಬಂದದ್ದು ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ.

1930ರ ದಶಕದ ಕೊನೆಯಲ್ಲಿ ಮದ್ರಾಸ್ ಸರ್ಕಾರ ಎಲ್.ಎಂ.ಪಿ. ಡಿಪ್ಲೊಮಾ ನಿಲ್ಲಿಸಲು ತೀರ್ಮಾನಿಸಿತು. ಇನ್ನು ಮುಂದೆ ಡಾಕ್ಟರಾಗಬೇಕಾದರೆ ವಿಶ್ವವಿದ್ಯಾಲಯದ ಎಂ.ಬಿ.ಬಿ.ಎಸ್. ಪದವಿಯೇ ಬೇಕು. ನಿಯಮ ಸರಿಯಾದದ್ದೇ, ಜನರಿಗೆ ಒಳ್ಳೆಯ ಡಾಕ್ಟರು ಸಿಗಲಿ ಅನ್ನೋ ಉದ್ದೇಶದ್ದೇ. ಆದರೆ ವೆಲ್ಲೂರಿಗೆ ಅದು ಸಿಡಿಲು. ಪದವಿ ಕಾಲೇಜು ಆಗಬೇಕಾದರೆ ಎಷ್ಟೊಂದು ಹಾಸಿಗೆ, ಪ್ರಯೋಗಾಲಯ, ಉನ್ನತ ಪದವಿ ಪಡೆದ ಪ್ರಾಧ್ಯಾಪಕರು! ಅಷ್ಟು ಹಣ ಎಲ್ಲಿಂದ? ಇನ್ನೊಂದು ಕಡೆ ಎರಡನೇ ಮಹಾಯುದ್ಧ.

ಒಂದು ದಾರಿ ಇತ್ತು. ದೇಶದ ಬೇರೆ ಬೇರೆ ಮಿಷನ್‌ಗಳೆಲ್ಲ ಕೂಡಿ ಒಂದು ಒಳ್ಳೆಯ ಕ್ರೈಸ್ತ ಮೆಡಿಕಲ್ ಕಾಲೇಜು ಕಟ್ಟಬೇಕು ಅನ್ನೋ ಯೋಚನೆ ಆಗಲೇ ಇತ್ತು. ವೆಲ್ಲೂರು ಅದಾಗಬಹುದು. ಆದರೆ ಒಂದು ಷರತ್ತು: ಗಂಡು ವಿದ್ಯಾರ್ಥಿಗಳನ್ನೂ ಸೇರಿಸಬೇಕು.

ಐಡಾಗೆ ಇದು ಎಷ್ಟು ಕಷ್ಟವಾಗಿರಬೇಡ! ಇಡೀ ಬದುಕು ಹೆಣ್ಣುಮಕ್ಕಳಿಗೆ ಅಂತ ಒಂದು ಜಾಗ ಕಟ್ಟಲು ಸವೆಸಿದವರು. ಗಂಡಸರು ಬಂದರೆ ಸೀಟೂ ಅವರಿಗೆ, ಅಧಿಕಾರವೂ ಅವರಿಗೆ ಅನ್ನೋ ಭಯ ಸುಳ್ಳಲ್ಲ. ದಶಕಗಳಿಂದ ಹಣ ಕೂಡಿಸಿ ಕೊಟ್ಟವರು ಅಮೆರಿಕದ ಸಾಮಾನ್ಯ ಚರ್ಚ್ ಹೆಂಗಸರು. ಅವರ ಮುಂದಾಳು ಲೂಸಿ ಪೀಬಾಡಿ ಐಡಾ ಅವರ ಹಳೆಯ ಗೆಳತಿ. ಭಾರತದ ಹೆಂಗಸರಿಗೆ ಅಂತ ಕೊಟ್ಟ ದುಡ್ಡು ಅದು, ಗಂಡಸರ ಕಾಲೇಜಿಗಲ್ಲ ಅಂತ ಪೀಬಾಡಿ ಖಡಾಖಂಡಿತವಾಗಿ ವಿರೋಧಿಸಿದರು. ಅವರ ಮಾತಲ್ಲೂ ನ್ಯಾಯವಿತ್ತು. ಹಳೆಯ ಗೆಳೆತನಕ್ಕೆ ಬಿರುಕು ಬಿತ್ತು.

ಕೊನೆಗೆ ಐಡಾ ಒಪ್ಪಿದರು. ಹೆಂಗಸರಿಗೆ ಮಾತ್ರ ಅನ್ನೋ ನಿಯಮ ಒಂದು ಕಾಲಕ್ಕೆ ಮದ್ದಾಗಿತ್ತು. ಕಾಲ ಬದಲಾದ ಮೇಲೂ ಅದನ್ನೇ ಹಿಡಿದುಕೊಂಡರೆ ಅದೇ ಇನ್ನೊಂದು ಗೋಡೆಯಾಗುತ್ತೆ, ಆಸ್ಪತ್ರೆ ಮುಚ್ಚಿಹೋಗುತ್ತೆ, ಆಗ ಹೆಣ್ಣುಮಕ್ಕಳಿಗೂ ಓದು ಇಲ್ಲ. ಪರರು ಕಟ್ಟಿದ ಗೋಡೆ ಒಡೆಯೋದು ಒಂದು ರೀತಿಯ ಧೈರ್ಯ; ತಾನೇ ಪ್ರೀತಿಯಿಂದ ಕಟ್ಟಿದ ಗೋಡೆಗೆ ಬಾಗಿಲು ಕೊರೆಯೋದು ಅದಕ್ಕಿಂತ ದೊಡ್ಡದು. ಸಮಾಜವನ್ನು ಗುಣಮಾಡಲು ಹೊರಟವರಲ್ಲಿ ಎಷ್ಟೋ ಜನ ಎಡವೋದು ಈ ಎರಡನೇ ಜಾಗದಲ್ಲೇ.

ಒಪ್ಪಿ ಸುಮ್ಮನೆ ಕೂರಲಿಲ್ಲ. 1941ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಯುದ್ಧದ ನಡುವೆ ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ಹಣ ಕೂಡಿಸಿದರು. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿ ಆರಂಭಿಸಲು ಮದ್ರಾಸ್ ವಿಶ್ವವಿದ್ಯಾಲಯ ಒಪ್ಪಿಗೆ ಕೊಟ್ಟಿತು. 1947ರಲ್ಲಿ ಮೊದಲ ಗಂಡು ವಿದ್ಯಾರ್ಥಿಗಳು ಸೇರಿದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಹಿಲ್ಡಾ ಲಾಜರಸ್ ಅನ್ನೋ ಭಾರತೀಯ ವೈದ್ಯೆ ಸಂಸ್ಥೆಯ ಮುಖ್ಯಸ್ಥರಾದರು. ಐಡಾ 1946ರಲ್ಲೇ ನಿವೃತ್ತರಾಗಿದ್ದರು.

ಕೈ ನೆಟ್ಟಗಾದ ಮೇಲೆ

ಐಡಾ ಕಣ್ಣೆದುರೇ ವೆಲ್ಲೂರಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಪಾಲ್ ಬ್ರ್ಯಾಂಡ್ ಅನ್ನೋ ಶಸ್ತ್ರಚಿಕಿತ್ಸಕರು ಕುಷ್ಠರೋಗದಿಂದ ಮುರುಟಿದ ಕೈಗಳಿಗೆ ಸ್ನಾಯುರಜ್ಜು ಜೋಡಿಸಿ ಬೆರಳು ಆಡುವಂತೆ ಮಾಡಿದರು. 1948ರ ಸುಮಾರಿಗೆ ಜಗತ್ತಿನಲ್ಲೇ ಹೊಸದಾಗಿದ್ದ ಶಸ್ತ್ರಚಿಕಿತ್ಸೆ ಅದು. ಕುಷ್ಠದಲ್ಲಿ ಬೆರಳು ತಾನಾಗಿಯೇ ಉದುರೋದಲ್ಲ, ನೋವು ಗೊತ್ತಾಗದ ಕಾರಣ ಪದೇ ಪದೇ ಗಾಯವಾಗಿ ಸವೆಯೋದು ಅಂತ ತೋರಿಸಿದವರೂ ಅವರೇ. ಪಾದದ ಯಾವ ಭಾಗಕ್ಕೆ ಎಷ್ಟು ಒತ್ತಡ ಬೀಳುತ್ತೆ ಅಂತ ನೋಡಿ ಅದಕ್ಕೆ ತಕ್ಕ ಮೆತ್ತನೆ ರಬ್ಬರಿನ ಚಪ್ಪಲಿ ಮಾಡಿಸಿದರು. ಪಕ್ಕಾ ಮೆಕ್ಯಾನಿಕಲ್ ವಿಷಯ!

ಆದರೆ ಕೈ ನೆಟ್ಟಗಾಗಿ ಹೋದವರಲ್ಲಿ ಕೆಲವರು ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬಂದರು. ಮೊದಲು ಮುರುಟಿದ ಕೈ ನೋಡಿ ಜನ ಭಿಕ್ಷೆಯಾದರೂ ಹಾಕ್ತಿದ್ದರು, ಈಗ ಅದೂ ಇಲ್ಲ. ಕೆಲಸ ಕೊಡೋರಂತೂ ಯಾರೂ ಇಲ್ಲ. ಆಗ ಬ್ರ್ಯಾಂಡ್ ಮತ್ತು ಅವರ ಜೊತೆಯವರು ಕಾಲೇಜಿನ ಆವರಣದಲ್ಲೇ ಗುಡಿಸಲು ಹಾಕಿ ಬಡಗಿ ಕೆಲಸ, ಆಟಿಕೆ ಮಾಡುವ ಕೆಲಸ ಕಲಿಸಿದರು. ಅದಕ್ಕೆ ನವಜೀವನದ ಹೆಸರಿಟ್ಟರು. ರೋಗಿಗೆ ಮದ್ದು, ಸಮಾಜಕ್ಕೂ ಮದ್ದು. ಐಡಾ ಹಾಕಿದ ದಾರಿಯೇ ಇದು.

ಕೊನೆಯ ವರ್ಷಗಳನ್ನು ಐಡಾ ಕೊಡೈಕನಾಲ್‌ನ ತಮ್ಮ ಪುಟ್ಟ ಮನೆಯಲ್ಲಿ ಕಳೆದರು. 1960ರ ಮೇ 24ರಂದು ಅಲ್ಲೇ ತೀರಿಕೊಂಡರು. ಆಗ ಅವರಿಗೆ 89 ವರ್ಷ. ಮದುವೆಯಾಗಲಿಲ್ಲ. ಇಡೀ ವೆಲ್ಲೂರಿಗೆ ಅವರು ಐಡಾ ಅತ್ತೆ.

ಗೆಳೆಯರೇ, ನಾವೂ ನಾಳೆ ಏನೇನೋ ಕಟ್ಟೋರು. ಹಳ್ಳಿಗೆ ನೀರಿನ ಯಂತ್ರ, ರೈತರಿಗೆ ಆ್ಯಪ್, ಕಡಿಮೆ ಬೆಲೆಯ ಉಪಕರಣ ಅಂತ ಪ್ರಾಜೆಕ್ಟ್ ಮಾಡ್ತೀವಿ. ಯಂತ್ರ ಚೆನ್ನಾಗಿ ಓಡುತ್ತೆ, ಮಾರ್ಕ್ಸೂ ಬರುತ್ತೆ. ಆದರೆ ಆ ನೀರಿನ ಹತ್ತಿರ ಎಲ್ಲರನ್ನೂ ಬರಗೊಡ್ತಾರಾ? ಆ ಫೋನ್ ಮನೆಯ ಹೆಂಗಸಿನ ಕೈಗೆ ಸಿಗುತ್ತಾ? ಡಾಕ್ಟರ್ ಪಕ್ಕದ ಕೋಣೆಯಲ್ಲೇ ಇದ್ದೂ ಮೂವರು ಸತ್ತ ಆ ರಾತ್ರಿ ಕೇಳೋದು ಇದನ್ನೇ. ದೇವರನ್ನು ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. ಐಡಾ ಸ್ಕಡರ್ ಮಾತ್ರ ತಾವು ನಂಬಿದ ದೇವರಿಗೆ ಅರವತ್ತು ವರ್ಷ ಈ ಪ್ರಶ್ನೆಯ ಮೂಲಕವೇ ಉತ್ತರ ಕೊಟ್ಟರು.